ನಿಮ್ಮ ಪ್ರಶ್ನೆ, ನಮ್ಮ ಉತ್ತರ: ತುರಚೆ ಗಿಡದ ಹೆಸರಲ್ಲಿ ಉಳಿದ ಭಾಷೆ

ಹೋದ ಸಂಚಿಕೆಯಲ್ಲಿ ಅಳಿದುಹೋದ ಭಾಷೆಗಳ ಬಗ್ಗೆ ಬರೆಯುತ್ತಾ ಡೇಸಿಯನ್ ಭಾಷೆಯ ಹೆಸರು ಹೇಳಿ ಮುಂದಕ್ಕೆ ಹೋಗಿಬಿಟ್ಟಿದ್ದೆ. ಅರ್ಧಕ್ಕೇ ಬಿಟ್ಟಿರಿ ಅಂತ ಕೆಲವರು ಪತ್ರ ಬರೆದಿದ್ದಾರೆ. ಅವರು ಹೇಳಿದ್ದು ಸರಿ. ಹಾಗಾಗಿ ಈ ಸಲ ಪೂರ್ತಿ ಅಂಕಣ ಡೇಸಿಯನ್ನಿಗೇ.

ಪ್ರಶ್ನೆ: ಸರ್, ಮಗಳ ಮನೆಗೆ ಅಂತ ಜರ್ಮನಿಗೆ ಹೋದಾಗ ರಸ್ತೆಯಲ್ಲಿ ಡೇಸಿಯಾ ಅನ್ನೋ ಕಾರು ತುಂಬಾ ನೋಡಿದೆ. ಆ ಹೆಸರಿಗೂ ನೀವು ಹೇಳಿದ ಭಾಷೆಗೂ ಸಂಬಂಧ ಇದೆಯಾ? — ಹಾಸನದ ಓದುಗರು

ಇದೆ. ಅದು ರುಮೇನಿಯಾದ ಕಂಪನಿ. ಅಲ್ಲಿಯವರು ಡಾಚಿಯಾ ಅಂತಾರೆ. ನಮ್ಮಲ್ಲಿ ರೆನೋ ಹೆಸರಲ್ಲಿ ಓಡಾಡಿದ ಡಸ್ಟರ್ ಕಾರು ಯೂರೋಪಿನಲ್ಲಿ ಡೇಸಿಯಾ ಡಸ್ಟರ್. ಕಂಪನಿ ಆ ಹೆಸರನ್ನು ತೆಗೆದುಕೊಂಡಿದ್ದು ತಮ್ಮ ನೆಲದ ಹಳೆಯ ಹೆಸರಿನಿಂದ.

ಕಾರ್ಪೇಥಿಯನ್ ಬೆಟ್ಟಗಳು, ಡ್ಯಾನ್ಯೂಬ್ ನದಿಯ ಉತ್ತರದ ಬಯಲು, ಇವತ್ತಿನ ರುಮೇನಿಯಾದ ಬಹುಪಾಲು, ಇದೇ ಹಳೆಯ ಡೇಸಿಯಾ. ಕ್ರಿಸ್ತಪೂರ್ವ ಮೊದಲನೇ ಶತಮಾನದಲ್ಲಿ ಬುರೆಬಿಸ್ತ ಅನ್ನೋ ರಾಜ ಅಲ್ಲಿನ ಬುಡಕಟ್ಟುಗಳನ್ನೆಲ್ಲ ಒಟ್ಟು ಸೇರಿಸಿದ. ಕೊನೆಯ ದೊಡ್ಡ ರಾಜ ಡೆಸೆಬಾಲಸ್. ರೋಮಿನ ಚಕ್ರವರ್ತಿ ಟ್ರಾಜನ್ ಅವನ ಮೇಲೆ ಎರಡು ಸಲ ಯುದ್ಧ ಮಾಡಿದ, ಕ್ರಿ.ಶ. 101–102ರಲ್ಲಿ ಒಮ್ಮೆ, 105–106ರಲ್ಲಿ ಇನ್ನೊಮ್ಮೆ. ಎರಡನೇ ಸಲ ರಾಜಧಾನಿ ಸರ್ಮಿಜೆಗೆತುಸ ಬಿತ್ತು. ಡೆಸೆಬಾಲಸ್ ಸೆರೆ ಸಿಗುವ ಬದಲು ತಾನೇ ಪ್ರಾಣ ಕಳೆದುಕೊಂಡ. ಈ ಕಥೆ ಪೂರ್ತಿ ರೋಮಿನ ಟ್ರಾಜನ್ ಸ್ತಂಭದ ಮೇಲೆ ಕೆತ್ತಿದೆ, ಸ್ತಂಭ ನಿಂತಿದ್ದು 113ರಲ್ಲಿ. ಮುಂದಿನ ಸಲ ಆ ಕಡೆ ಹೋದರೆ ಬಿಡದೆ ನೋಡಿ. ಗಡ್ಡ ಬಿಟ್ಟು, ತಲೆಗೆ ಟೋಪಿ ಹಾಕಿಕೊಂಡು ಹೋರಾಡುತ್ತಿರುವವರೇ ಡೇಸಿಯನ್ನರು.

ನನಗೆ ಆ ಸ್ತಂಭದ ಚಿತ್ರಗಳನ್ನು ನೋಡಿದಾಗಲೆಲ್ಲ ಅನಿಸೋದು ಒಂದೇ. ನೂರಾರು ಡೇಸಿಯನ್ನರ ಮುಖ ಇದೆ, ಬಟ್ಟೆ ಇದೆ, ಕೋಟೆ ಇದೆ, ಬಾಗಿದ ಕತ್ತಿ ಇದೆ. ಬಾಯಿಂದ ಬಂದ ಮಾತು ಮಾತ್ರ ಒಂದೂ ಇಲ್ಲ.

ಭಾಷೆ ಒಂದೇ ದಿನಕ್ಕೆ ಸತ್ತಿತು ಅಂತಲ್ಲ. ಟ್ರಾಜನ್ ರೋಮನ್ ಸಾಮ್ರಾಜ್ಯದ ಎಲ್ಲಾ ಮೂಲೆಗಳಿಂದ ಜನರನ್ನು ತಂದು ಅಲ್ಲಿ ನೆಲೆ ನಿಲ್ಲಿಸಿದ. ಸೈನ್ಯ, ಸಂತೆ, ಗಣಿ, ಕಚೇರಿ, ಎಲ್ಲ ಕಡೆ ಲ್ಯಾಟಿನ್. 270ರ ದಶಕದಲ್ಲಿ ಔರೇಲಿಯನ್ ಚಕ್ರವರ್ತಿ ಆ ಪ್ರಾಂತ್ಯವನ್ನು ಬಿಟ್ಟುಕೊಟ್ಟು ಸೈನ್ಯವನ್ನು ವಾಪಸ್ ಕರೆಸಿಕೊಂಡ, ಅಂದರೆ ರೋಮ್ ಅಲ್ಲಿದ್ದಿದ್ದು ಸುಮಾರು 165 ವರ್ಷ ಅಷ್ಟೇ. ಆಮೇಲೆ ಒಂದರ ಹಿಂದೆ ಒಂದು ವಲಸೆ. ಆರನೇ ಶತಮಾನದ ಹೊತ್ತಿಗೆ ಡೇಸಿಯನ್ ಮರೆಯಾಗಿತ್ತು ಅಂತ ಸಾಮಾನ್ಯವಾಗಿ ಹೇಳುತ್ತಾರೆ.

ಪ್ರಶ್ನೆ: ಒಂದು ಪುಸ್ತಕವೂ ಇಲ್ಲ, ಒಂದು ವಾಕ್ಯವೂ ಇಲ್ಲ ಅಂತೀರಿ. ಹಾಗಿದ್ದರೆ ಅದು ಇಂಡೋ-ಯೂರೋಪಿಯನ್ ಭಾಷೆ, ಅಂದರೆ ಸಂಸ್ಕೃತ, ಲ್ಯಾಟಿನ್, ಇಂಗ್ಲಿಷ್ ಎಲ್ಲ ಸೇರಿರುವ ಕುಟುಂಬದ್ದು ಅಂತ ಯಾವ ಆಧಾರದ ಮೇಲೆ ಹೇಳೋದು? ಇದು ಊಹೆ ಅಲ್ವಾ? — ಶಿರಸಿಯ ಓದುಗರು, ನಿವೃತ್ತ ಶಿಕ್ಷಕರು

ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ಒಂದು ಕ್ಷಣ ಹೀಗೆ ಯೋಚಿಸಿ. ಕನ್ನಡದ ಎಲ್ಲ ಪುಸ್ತಕ, ಎಲ್ಲ ಶಾಸನ ಅಳಿಸಿಹೋಗಿವೆ. ಉಳಿದಿರೋದು ಬಸ್ಸಿನ ಬೋರ್ಡು ಮಾತ್ರ. ಅರಸೀಕೆರೆ, ತಿಪ್ಪಗೊಂಡನಹಳ್ಳಿ, ಹೊಳೆನರಸೀಪುರ, ಕಲ್ಲಹಳ್ಳಿ, ಬಾಗಲಕೋಟೆ. ಈ ಜನ ನೀರು ನಿಲ್ಲಿಸಿದ ಜಾಗಕ್ಕೆ ಕೆರೆ ಅಂತಿದ್ದರು, ಊರಿಗೆ ಹಳ್ಳಿ ಅಂತಿದ್ದರು ಅಂತ ಒಬ್ಬ ಜಾಣ ಕಂಡುಹಿಡಿಯಬಹುದು. "ಬಂದೆ", "ತಿಂದೆ", "ಅಮ್ಮನಿಗೆ ಹೇಳು" ಅನ್ನೋದು ಮಾತ್ರ ಅವನ ಕೈಗೆ ಯಾವತ್ತೂ ಸಿಗಲ್ಲ. ಡೇಸಿಯನ್ ಇರೋ ಸ್ಥಿತಿ ಇದೇ.

ಊರುಗಳಿಂದಲೇ ಶುರು ಮಾಡೋಣ. ಕಪಿದವ, ಬುರಿದವ, ಸುಕಿದವ, ಪಿರೋಬೊರಿದವ. ಡ್ಯಾನ್ಯೂಬಿನ ಅಕ್ಕಪಕ್ಕ ಇಂಥ ಹೆಸರು ಸಾಲುಸಾಲಾಗಿ ಸಿಗುತ್ತವೆ. ನಮ್ಮ "ಹಳ್ಳಿ" ಇದ್ದ ಹಾಗೆ ಅವರ "ದವ". ಇಡು, ನೆಲೆಗೊಳಿಸು ಅನ್ನೋ ಅರ್ಥದ ಹಳೆಯ ಇಂಡೋ-ಯೂರೋಪಿಯನ್ ಧಾತುವಿನಿಂದ ಅದು ಬಂತು ಅನ್ನೋದನ್ನು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಸಂಸ್ಕೃತದಲ್ಲಿ ಅದೇ ಧಾತು "ಧಾ". ನಿಧಿಯಲ್ಲಿರೋದು ಅದೇ, ವಿಧಾನದಲ್ಲಿರೋದೂ ಅದೇ. ವಿಧಾನಸೌಧದ ಬೋರ್ಡಿನಲ್ಲಿರುವ ಆ "ಧಾ", ಕಪಿದವದ "ದವ", ಎರಡೂ ಒಂದೇ ಬೇರಿನ ಚಿಗುರು ಅಂದರೆ ನಂಬೋಕೆ ಕಷ್ಟ, ಆದರೆ ಲೆಕ್ಕ ಸರಿಯಾಗಿ ಕೂರುತ್ತದೆ.

ಇನ್ನೊಂದು ಆಧಾರ ನನಗೆ ಎಲ್ಲಕ್ಕಿಂತ ಇಷ್ಟ. ಟ್ರಾಜನ್ ತನ್ನ ಡೇಸಿಯಾ ಯುದ್ಧದ ಬಗ್ಗೆ ತಾನೇ ಒಂದು ಪುಸ್ತಕ ಬರೆದಿದ್ದ. ಅದು ಪೂರ್ತಿ ಕಳೆದುಹೋಯಿತು. ಉಳಿದಿದ್ದು ಲ್ಯಾಟಿನ್ನಿನ ಐದು ಪದದ ಒಂದು ವಾಕ್ಯ. ಅದೂ ಉಳಿದಿದ್ದು ಯಾಕೆ ಅಂದರೆ, ನಾಲ್ಕು ಶತಮಾನ ಆದಮೇಲೆ ಪ್ರಿಸ್ಕಿಯನ್ ಅನ್ನೋ ವ್ಯಾಕರಣ ಮೇಷ್ಟ್ರು ಉದಾಹರಣೆಗೆ ಅಂತ ಅದನ್ನು ಎತ್ತಿಕೊಂಡಿದ್ದರು. ಅರ್ಥ ಇಷ್ಟೇ: ಅಲ್ಲಿಂದ ಬೆರ್ಜ಼ೋಬಿಸ್‌ಗೆ, ಆಮೇಲೆ ಐಜ಼ಿಗೆ ಸಾಗಿದೆವು.

ಈ ಬೆರ್ಜ಼ೋಬಿಸ್ ಅನ್ನೋ ಊರಿನ ಹೆಸರು ನೋಡಿ. ಬಿಳಿ ತೊಗಟೆಯ ಒಂದು ಮರ ಇದೆ. ಇಂಗ್ಲಿಷಿನಲ್ಲಿ ಬರ್ಚ್, ರಷ್ಯನ್ನಿನಲ್ಲಿ ಬೆರ್ಯೋಜ಼, ಲಿಥುವೇನಿಯನ್ನಿನಲ್ಲಿ ಬೇರ್ಜ಼ಸ್. ನಮಗೆ ಭೂರ್ಜ. ಹಿಮಾಲಯದ ಆ ಮರದ ತೊಗಟೆಯೇ ಭೂರ್ಜಪತ್ರ. ಬೆಳ್ಳಗೆ ಹೊಳೆಯೋದು ಅನ್ನೋ ಅರ್ಥದ ಮೂಲ ಪದ ಈ ಎಲ್ಲದರ ಹಿಂದಿದೆ, ಬೆರ್ಜ಼ೋಬಿಸ್ ಕೂಡ ಇದೇ ಗುಂಪಿಗೆ ಸೇರುತ್ತದೆ ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ಈ ಊರು ಈಗಲೂ ಇದೆ, ಹೆಸರು ಬೆರ್ಜ಼ೋವಿಯಾ. ಮರದ ಹೆಸರು ಊರಿಗೆ ಬರೋದು ನಮಗೇನು ಹೊಸದಲ್ಲ. ಹಲಸೂರು, ಅತ್ತಿಬೆಲೆ, ಹುಣಸೂರು ಎಲ್ಲ ಇದೇ ಸಾಲಿಗೆ ಸೇರುವ ಹೆಸರುಗಳು.

ನದಿಗಳೂ ಸಾಕ್ಷಿ ಹೇಳುತ್ತವೆ. ರುಮೇನಿಯಾದ ಪಶ್ಚಿಮದಲ್ಲಿ ಕ್ರಿಶ್ ಅಂತ ನದಿ ಇದೆ, ಹಳೆಯ ಹೆಸರು ಕ್ರಿಸಸ್. ಕಪ್ಪು ಅನ್ನೋ ಅರ್ಥದ ಪದದಿಂದ ಅದು ಬಂದಿರಬೇಕು ಅಂತ ಒಂದು ವಾದ. ಸಂಸ್ಕೃತದಲ್ಲಿ ಅದಕ್ಕೆ ಜೊತೆ "ಕೃಷ್ಣ". ಆಲಮಟ್ಟಿ ಅಣೆಕಟ್ಟಿನಲ್ಲಿ ನಿಲ್ಲುವ ನೀರಿನ ಹೆಸರೂ ಅದೇ. ಡ್ಯಾನ್ಯೂಬ್ ದಂಡೆಯಲ್ಲಿ ಆಕ್ಸಿಯೊಪ ಅಂತ ಹಳೆಯ ಊರು ಇತ್ತು. ಅದಕ್ಕೆ ಕಪ್ಪು ನೀರು ಅಂತ ಅರ್ಥ ಹೇಳುತ್ತಾರೆ. ಅದರ ಪಕ್ಕದಲ್ಲೇ ಈಗ ಇರುವ ಊರು ಚೆರ್ನವೋದ. ರಷ್ಯನ್ ಸೇರಿದ ಸ್ಲಾವಿಕ್ ಗುಂಪಿನ ಭಾಷೆಯಲ್ಲಿ ಅದಕ್ಕೂ ಕಪ್ಪು ನೀರು ಅಂತಲೇ ಅರ್ಥ. ಅಲ್ಲಿನ ಕಣಿವೆಗೆ ತುರ್ಕಿ ಹೆಸರು ಕರಾಸು, ಮತ್ತೆ ಕಪ್ಪು ನೀರು. ಜನ ಬದಲಾದರು, ಭಾಷೆ ಬದಲಾಯಿತು. ನೀರಿನ ಬಣ್ಣ ಹೇಳುವ ಹೆಸರು ಎರಡು ಸಲ ಅನುವಾದ ಆಗಿ ಉಳಿಯಿತು.

ಆಮೇಲೆ ಗಿಡಮೂಲಿಕೆ. ಡಯಾಸ್ಕೊರಿಡೀಸ್ ಅಂತ ಗ್ರೀಕ್ ವೈದ್ಯ ಒಂದನೇ ಶತಮಾನದಲ್ಲಿ ಔಷಧಿ ಗಿಡಗಳ ದೊಡ್ಡ ಪುಸ್ತಕ ಬರೆದ. ಆಮೇಲಿನವರು ಅದರ ಪ್ರತಿ ಮಾಡುವಾಗ ಪ್ರತಿ ಗಿಡದ ಕೆಳಗೂ ಬೇರೆ ಬೇರೆ ಭಾಷೆಯ ಹೆಸರು ಸೇರಿಸಿದರು. ಈಜಿಪ್ಟಿನವರು ಹೀಗಂತಾರೆ, ಗಾಲ್ ದೇಶದವರು (ಈಗಿನ ಫ್ರಾನ್ಸ್ ಕಡೆಯವರು) ಹೀಗಂತಾರೆ, ಡೇಸಿಯನ್ನರು ಹೀಗಂತಾರೆ ಅಂತ. ಇದೂ, ಇನ್ನೊಂದು ಲ್ಯಾಟಿನ್ ಮೂಲಿಕೆ ಪುಸ್ತಕವೂ ಸೇರಿ 50ಕ್ಕಿಂತ ಜಾಸ್ತಿ ಡೇಸಿಯನ್ ಗಿಡದ ಹೆಸರು ನಮಗೆ ಸಿಕ್ಕಿವೆ. ಮುಟ್ಟಿದರೆ ಚುರುಗುಟ್ಟುವ ತುರಚೆ ಗಿಡಕ್ಕೆ ಅವರು "ದಿನ್" ಅಂತಿದ್ದರು. ಎಲ್ಲಿಂದೆಲ್ಲಿಗೋ, ಬ್ರಿಟನ್ನಿನ ವೇಲ್ಸ್‌ನಲ್ಲಿ ಇವತ್ತಿಗೂ ತುರಚೆಗೆ ಇದನ್ನು ಹೋಲುವ ಪದವೇ ಇದೆ. ಮುಳ್ಳುಪೊದೆಯ ಕಪ್ಪು ಹಣ್ಣು ಬ್ಲ್ಯಾಕ್‌ಬೆರಿಗೆ ಡೇಸಿಯನ್ ಹೆಸರು "ಮಂತಿಯ". ಅಲ್ಬೇನಿಯನ್ನಿನಲ್ಲಿ ಹಿಪ್ಪುನೇರಳೆಗೆ "ಮಾನ್" ಅಂತಾರೆ, ಎರಡನ್ನೂ ಪಂಡಿತರು ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ಈ ಪಟ್ಟಿಗಳನ್ನು ಕಣ್ಣುಮುಚ್ಚಿ ನಂಬೋ ಹಾಗೂ ಇಲ್ಲ. ಐದು ಎಲೆಯ ಒಂದು ಗಿಡಕ್ಕೆ ಡೇಸಿಯನ್ ಹೆಸರು "ಪ್ರೊಪೆದುಲ" ಅಂತ ಬರೆದಿದ್ದಾರೆ, ಗಾಲ್ ದೇಶದ ಹೆಸರು "ಪೆಂಪೆದುಲ". ಗಾಲ್ ಭಾಷೆಯಲ್ಲಿ "ಪೆಂಪೆ" ಅಂದರೆ ಐದು, ನಮ್ಮ ಪಂಚದ ದೂರದ ನೆಂಟ. ಎರಡು ಹೆಸರೂ ಇಷ್ಟು ಹತ್ತಿರ ಇರೋದು ನೋಡಿದರೆ, ಪ್ರತಿ ಮಾಡುವವನು ಒಂದು ಸಾಲಿನದನ್ನು ಇನ್ನೊಂದು ಸಾಲಿಗೆ ಬರೆದಿರಬೇಕು ಅನ್ನೋ ಅನುಮಾನ ಸಹಜ. ನೀವು ಊಹೆ ಅಲ್ವಾ ಅಂತ ಕೇಳಿದ್ದು ಇಂಥ ಕಡೆ ಪೂರ್ತಿ ಸರಿ.

ಇನ್ನು ಒಂದು ಮಣ್ಣಿನ ಪಾತ್ರೆ. 1954ರಲ್ಲಿ ಸರ್ಮಿಜೆಗೆತುಸದಲ್ಲಿ ಸಿಕ್ಕಿತು. ಲ್ಯಾಟಿನ್ ಅಕ್ಷರದ ಎರಡು ಮುದ್ರೆ ಒತ್ತಿದ್ದಾರೆ: "ಡೆಸೆಬಾಲಸ್", "ಪೆರ್ ಸ್ಕೊರಿಲೊ". "ಪೆರ್" ಅಂದರೆ ಮಗ, ಸಂಸ್ಕೃತದ ಪುತ್ರ ಇದ್ದ ಹಾಗೆ, ಆದ್ದರಿಂದ ಇದು "ಸ್ಕೊರಿಲೊನ ಮಗ ಡೆಸೆಬಾಲಸ್" ಅಂತ ಒಂದು ಗುಂಪು. ಅದು ಡೇಸಿಯನ್ ಅಲ್ಲವೇ ಅಲ್ಲ, ಲ್ಯಾಟಿನ್ನಿನಲ್ಲಿ "ಪೆರ್" ಅಂದರೆ "ಮೂಲಕ", ಡೆಸೆಬಾಲಸ್ ಹೆಸರಿನವನು ಸ್ಕೊರಿಲೊ ಕೈಯಲ್ಲಿ ಮಾಡಿಸಿದ ಪಾತ್ರೆ ಅಂತ ಇನ್ನೊಂದು ಗುಂಪು. ಒಂದಿಡೀ ಭಾಷೆಯ ಒಂದೇ ವಾಕ್ಯ ಆಗಬಹುದಾಗಿದ್ದು ಬರೀ ಕುಂಬಾರನ ಮುದ್ರೆಯೂ ಆಗಿರಬಹುದು. ನನಗೆ ಎರಡನೆಯದೇ ಹೆಚ್ಚು ನಂಬಿಕೆಗೆ ಅರ್ಹ ಅನಿಸುತ್ತದೆ. ಹಾಗಂತ ಒಪ್ಪಿಕೊಳ್ಳೋಕೆ ಸಂಕಟವೂ ಆಗುತ್ತದೆ.

ಪ್ರಶ್ನೆ: ಡೆಸೆಬಾಲಸ್ ಅಂದರೆ "ದಶಬಲ", ಹತ್ತು ಜನರ ಬಲ ಇರುವವನು, ಆದ್ದರಿಂದ ಡೇಸಿಯನ್ನರು ಭಾರತದಿಂದ ಹೋದವರು ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ನಿಜವಾ? — ದಾವಣಗೆರೆಯ ಓದುಗರು

ಅರ್ಧ ಮಾತು ವಿದ್ವಾಂಸರದ್ದೇ. ಡೆಸೆಬಾಲಸ್ ಹೆಸರನ್ನು "ದಶಬಲ"ದ ಜೊತೆ ಹೋಲಿಸಿದವರು ನಿಜವಾಗಿಯೂ ಇದ್ದಾರೆ. ದಶಬಲ ಅನ್ನೋದು ಬುದ್ಧನಿಗೂ ಇರುವ ಹೆಸರು, ಹಾಗಾಗಿ ಕೇಳಿದ ತಕ್ಷಣ ಮೈ ಜುಮ್ಮೆನ್ನುತ್ತದೆ.

ಆದರೆ ತೊಂದರೆ ಇದೆ. ನೂರು ಅನ್ನೋ ಪದ ತೆಗೆದುಕೊಳ್ಳಿ. ಸಂಸ್ಕೃತದಲ್ಲಿ ಶತ, ಹಳೆಯ ಇರಾನಿ ಭಾಷೆಯಲ್ಲಿ ಸತೆಮ್, ಲ್ಯಾಟಿನ್ನಿನಲ್ಲಿ ಕೆಂಟುಮ್. ಮೂಲ ಭಾಷೆಯ ಒಂದು ಧ್ವನಿ ಕೆಲವು ಭಾಷೆಗಳಲ್ಲಿ ಶ-ಸ ಕಡೆಗೆ ವಾಲಿತು, ಕೆಲವು ಭಾಷೆಗಳಲ್ಲಿ ಕ ಆಗಿ ನಿಂತಿತು. ಹತ್ತಕ್ಕೂ ಹಾಗೆಯೇ, ಇಲ್ಲಿ ದಶ, ಅಲ್ಲಿ ದೆಕೆಮ್. ಡೇಸಿಯನ್ ಶ-ಸ ಕಡೆಯದು ಅನ್ನೋದು ಹೆಚ್ಚಿನವರ ಅಭಿಪ್ರಾಯ. ಬೆರ್ಜ಼ೋಬಿಸ್‌ನಲ್ಲಿ ಗ ಇರಬೇಕಾದ ಕಡೆ ಜ಼ ಬಂದಿರೋದೇ ಅದಕ್ಕೆ ಒಂದು ಗುರುತು. ಹಾಗಿದ್ದ ಮೇಲೆ ಅವರ ಹತ್ತು "ದೆಸ್" ಅಂತ ಏನೋ ಇರಬೇಕಿತ್ತು. ಆದರೆ ರೋಮನ್ನರು ಆ ರಾಜನ ಹೆಸರನ್ನು ಓದುತ್ತಿದ್ದದ್ದು ದೆಕೆಬಾಲುಸ್ ಅಂತ, ನಡುವೆ ಕ. ಹೋಲಿಕೆ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

"ಬಲ" ಇನ್ನೂ ಜಾರುವ ನೆಲ. ಸಂಸ್ಕೃತದ ಬಲ ಎಲ್ಲಿಂದ ಬಂತು ಅನ್ನೋದರಲ್ಲೇ ಒಮ್ಮತ ಇಲ್ಲ. ನಮ್ಮ ಕಿಟೆಲ್ ಅವರೂ ಸೇರಿ ಕೆಲವರು ಅದು ದ್ರಾವಿಡದಿಂದ ಸಂಸ್ಕೃತಕ್ಕೆ ಹೋಗಿರಬಹುದು ಅಂದಿದ್ದಾರೆ. ಕಾಯಿ ಬಲಿತಿದೆ ಅಂತೀವಲ್ಲ, ಆ "ಬಲಿ", ಹಳಗನ್ನಡದ "ಬಲ್", ಅಲ್ಲಿಂದ. ಅದು ನಿಜವಾದರೆ ಡೆಸೆಬಾಲಸ್‌ಗೂ ದಶಬಲಕ್ಕೂ ಇರುವ ಉಳಿದ ಕೊಂಡಿಯೂ ಕಳಚುತ್ತದೆ.

ಡೇಸಿಯನ್ನರು ಭಾರತದಿಂದ ಹೋದವರಲ್ಲ. ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನಲ್ಲಿ ಐದಾರು ಸಾವಿರ ವರ್ಷದ ಹಿಂದೆ ಆಡುತ್ತಿದ್ದ ಒಂದು ಭಾಷೆ ನಾಲ್ಕೂ ಕಡೆ ಹರಡಿ ಒಡೆಯಿತು ಅನ್ನೋದು ಈಗ ಹೆಚ್ಚಿನವರು ಒಪ್ಪುವ ಮಾತು. ಸಂಸ್ಕೃತ ಡೇಸಿಯನ್ನಿಗೆ ತಾಯಿಯಲ್ಲ, ದಾಯಾದಿ. ಕನ್ನಡದ ಮನೆತನವೇ ಬೇರೆ, ನಾವು ದ್ರಾವಿಡ. ಭೂರ್ಜ, ನಿಧಿ, ಶತ, ಕೃಷ್ಣ ನಮ್ಮ ಮಾತಿನಲ್ಲಿ ಇರೋದು ಸಂಸ್ಕೃತದಿಂದ ತಂದುಕೊಂಡಿದ್ದರಿಂದ. ಆ ಎರವಲಿನಿಂದಲೇ ನಮಗೆ ಡೇಸಿಯನ್ ಪದಗಳ ಮುಖಚಹರೆ ಗುರುತು ಸಿಗುತ್ತದೆ.

ಪ್ರಶ್ನೆ: ನಾನು ಎರಡು ವರ್ಷದಿಂದ ರುಮೇನಿಯಾದ ಕ್ಲೂಜ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಇಲ್ಲಿನ ಸಹೋದ್ಯೋಗಿಯೊಬ್ಬರು ರುಮೇನಿಯನ್ ಭಾಷೆ ಲ್ಯಾಟಿನ್ನಿನಿಂದ ಬಂದಿದ್ದೇ ಅಲ್ಲ, ಅದು ಡೇಸಿಯನ್, ಲ್ಯಾಟಿನ್ನೇ ಅದರಿಂದ ಹುಟ್ಟಿದ್ದು ಅಂತ ವಾದ ಮಾಡುತ್ತಾರೆ. ನೀರಿಗೆ ಇಲ್ಲಿ "ಅಪ" ಅಂತಾರೆ. ನಮ್ಮ ಪಂಚಭೂತದ ಅಪ್ಪು ನೆನಪಾಗಿ ನಾನೂ ತಲೆಯಾಡಿಸಿದೆ. — ಕ್ಲೂಜ್‌ನಿಂದ ಕನ್ನಡಿಗರೊಬ್ಬರು

"ಅಪ" ಬಲು ಚೆಂದದ ಬಲೆ. ಅದರಲ್ಲಿ ನೀವೊಬ್ಬರೇ ಬಿದ್ದಿಲ್ಲ. ಲ್ಯಾಟಿನ್ನಿನಲ್ಲಿ ನೀರಿಗೆ "ಅಕ್ವ". ಆ ಕ್ವ ರುಮೇನಿಯನ್ನಿನಲ್ಲಿ ಕೆಲವು ಕಡೆ ಪ ಆಗುತ್ತದೆ. ಲ್ಯಾಟಿನ್ನಿನ ನಾಲ್ಕು "ಕ್ವಾತ್ತುವೊರ್", ರುಮೇನಿಯನ್ನಿನಲ್ಲಿ "ಪಾತ್ರು". ಹೆಣ್ಣು ಕುದುರೆ "ಎಕ್ವ", ಅಲ್ಲಿ "ಯಾಪ". ಅದೇ ದಾರಿಯಲ್ಲಿ ಅಕ್ವ "ಅಪ" ಆಯಿತು. ಸಂಸ್ಕೃತದ ಅಪ್ಪು ಬೇರೆ ದಾರಿಯಲ್ಲಿ ನಡೆದು ಬಂದು ಅದೇ ಬಾಗಿಲಲ್ಲಿ ನಿಂತಿದೆ. ಪದಗಳು ಒಂದೇ ಥರ ಕೇಳಿಸಿದರೆ ಸಾಲದು. ಬದಲಾವಣೆ ಲೆಕ್ಕದ ಪ್ರಕಾರ ನಡೆದಿರಬೇಕು, ಒಂದು ಪದದಲ್ಲಿ ಆಗಿದ್ದು ಇನ್ನೂ ನಾಲ್ಕರಲ್ಲಿ ಕಾಣಬೇಕು.

ರುಮೇನಿಯನ್ ಲ್ಯಾಟಿನ್ನಿನ ಮಗಳು, ಅನುಮಾನ ಬೇಡ. ವ್ಯಾಕರಣ, ಎಣಿಕೆ, ದಿನಬಳಕೆಯ ಮುಖ್ಯ ಪದಗಳು ಎಲ್ಲ ಅಲ್ಲಿಂದ. ಆದರೆ ನಿಮ್ಮ ಸಹೋದ್ಯೋಗಿಯ ಮಾತಲ್ಲಿ ಒಂದು ಕಾಳಿನಷ್ಟು ಸತ್ಯ ಇದೆ, ಅದನ್ನು ಅವರಿಗೆ ಪ್ರೀತಿಯಿಂದ ಹೇಳಿ. ಲ್ಯಾಟಿನ್ ಅಲ್ಲದ, ಸ್ಲಾವಿಕ್ ಅಲ್ಲದ, ಹಂಗೇರಿಯನ್ನೂ ಅಲ್ಲದ ನೂರರ ಆಸುಪಾಸಿನ ಪದಗಳು ರುಮೇನಿಯನ್ನಿನ ತಳದಲ್ಲಿ ಕೂತಿವೆ. ಅವುಗಳಲ್ಲಿ ಬಹಳಷ್ಟಕ್ಕೆ ಅಲ್ಬೇನಿಯನ್ನಿನಲ್ಲಿ ಜೊತೆ ಸಿಗುತ್ತದೆ. ಬಟಾಣಿಗೆ ಇಲ್ಲಿ, ಅಂದರೆ ರುಮೇನಿಯನ್ನಿನಲ್ಲಿ ಮಾಜ಼ರೆ, ಅಲ್ಲಿ, ಅಲ್ಬೇನಿಯನ್ನಿನಲ್ಲಿ ಮೋದುಲ್. ಬಿಲ ತೋಡುವ ಬ್ಯಾಡ್ಜರ್ ಪ್ರಾಣಿಗೆ ಇಲ್ಲಿ ವಿಯೆಜ಼ುರೆ, ಅಲ್ಲಿ ವಿಯೆದುಲ್. ಇಲ್ಲಿ ಜ಼ ಇದ್ದ ಕಡೆ ಅಲ್ಲಿ ದ, ಇಲ್ಲಿ ರ ಇದ್ದ ಕಡೆ ಅಲ್ಲಿ ಲ. ಇದು ಲೆಕ್ಕ. ಡೇಸಿಯನ್ನೋ ಅದರ ಹತ್ತಿರದ ಇನ್ನೊಂದು ಭಾಷೆಯೋ ಬಿಟ್ಟುಹೋದ ಪದಗಳು ಇವು ಅಂತ ಅನೇಕರು ನಂಬುತ್ತಾರೆ.

ಕೊಕ್ಕರೆ ಜಾತಿಯ ಬಿಳಿ ಹಕ್ಕಿ ಸ್ಟಾರ್ಕ್, ನೀವು ಅಲ್ಲಿನ ಹಳ್ಳಿಗಳಲ್ಲಿ ಕರೆಂಟ್ ಕಂಬದ ಮೇಲೆ ಗೂಡು ಕಟ್ಟಿರೋದು ನೋಡಿರುತ್ತೀರಿ. ಅದಕ್ಕೆ "ಬಾರ್ಜ಼" ಅಂತಾರೆ. ಅಲ್ಬೇನಿಯನ್ನಿನಲ್ಲಿ "ಬಾರ್ದ್" ಅಂದರೆ ಬಿಳಿ. ಮೇಲೆ ಹೇಳಿದ ಬೆರ್ಜ಼ೋಬಿಸ್, ಭೂರ್ಜ, ಅದೇ ಬೆಳ್ಳಗೆ ಹೊಳೆಯುವ ಪದ ಇಲ್ಲಿ ಹಕ್ಕಿಯಾಗಿ ಕೂತಿದೆ. ಉಳಿದ ಪದಗಳನ್ನು ನೋಡಿದರೂ ಕುರಿ ಕಾಯುವವರ ಬದುಕೇ ಕಾಣುತ್ತದೆ. ಕುರಿ ದೊಡ್ಡಿಗೆ "ತ್ಸಾರ್ಕ್", ಹಾಲು ಕರೆಯುವ ಜಾಗಕ್ಕೆ "ಸ್ತ್ರುಂಗ", ಒಲೆಯ ಜಾಗಕ್ಕೆ "ವಾತ್ರ", ಹೋತಕ್ಕೆ "ತ್ಸಾಪ್". ರೋಮಿನ ಭಾಷೆ ಪೇಟೆಯಿಂದ ಬೆಟ್ಟಕ್ಕೆ ಹತ್ತಿತು, ಆದರೆ ಕುರಿಹಟ್ಟಿಯ ಬೇಲಿ ದಾಟುವಾಗ ಹಳೆಯ ಪದಗಳನ್ನು ಪೂರ್ತಿ ಓಡಿಸೋಕೆ ಆಗಲಿಲ್ಲ.

ಈ ಹೆಮ್ಮೆಗೆ ರಾಜಕೀಯದ ನೀರೂ ಬಿದ್ದಿದೆ. ರುಮೇನಿಯಾದ ಸರ್ವಾಧಿಕಾರಿ ಚೌಶೆಸ್ಕು ಆಡಳಿತ 1974ರಲ್ಲಿ ನಿಮ್ಮ ಊರಿಗೆ ನಪೋಕ ಅನ್ನೋ ಹಳೆಯ ಹೆಸರು ಸೇರಿಸಿ ಕ್ಲೂಜ್-ನಪೋಕ ಮಾಡಿತು. 1980ರಲ್ಲಿ ಬುರೆಬಿಸ್ತನ ರಾಜ್ಯಕ್ಕೆ 2050 ವರ್ಷ ಅಂತ ದೇಶವೆಲ್ಲ ಹಬ್ಬ ಮಾಡಿಸಿತು. ಡೇಸಿಯನ್ ಬರಹ ಅಂತ ತೋರಿಸುವ ಸಿನಾಯಾದ ಸೀಸದ ಫಲಕಗಳೂ ಇವೆ. ಅವು ಈಚಿನ ನಕಲಿ ಅಂತಲೇ ವಿದ್ವಾಂಸರು ಹೇಳುತ್ತಾರೆ. ನಮ್ಮಲ್ಲೂ "ಎಲ್ಲ ಭಾಷೆಗೂ ನಮ್ಮದೇ ತಾಯಿ" ಅನ್ನುವವರು ಇದ್ದಾರೆ, ಹಾಗಾಗಿ ಅವರ ಆಸೆ ನನಗೆ ಅರ್ಥ ಆಗುತ್ತದೆ. ಆದರೆ ಇಲ್ಲದ ಫಲಕ ಹುಟ್ಟಿಸಿದರೆ, ಇರುವ ಐವತ್ತು ಗಿಡದ ಹೆಸರಿಗೂ ಬೆಲೆ ಹೋಗುತ್ತದೆ.

ಪ್ರಶ್ನೆ: ಥ್ರೇಸಿಯನ್ ಮತ್ತು ಡೇಸಿಯನ್ ಒಂದೇನಾ? — ಕಲಬುರಗಿಯ ಓದುಗರು

ಥ್ರೇಸಿಯನ್ ಅಂದರೆ ಡ್ಯಾನ್ಯೂಬಿನ ದಕ್ಷಿಣಕ್ಕೆ, ಇವತ್ತಿನ ಬಲ್ಗೇರಿಯಾದ ಕಡೆ ಆಡುತ್ತಿದ್ದ ಹಳೆಯ ಭಾಷೆ. ಎರಡೂ ಒಂದೇನಾ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಡೇಸಿಯನ್ನರೂ ಕಪ್ಪು ಸಮುದ್ರದ ಕಡೆಗಿದ್ದ ಅವರ ನೆರೆಯ ಗೆಟೆ ಜನರೂ ಒಂದೇ ಭಾಷೆ ಆಡುತ್ತಾರೆ, ಗೆಟೆ ಜನರದ್ದು ಥ್ರೇಸಿಯನ್ನರ ಭಾಷೆಯೇ ಅಂದಿದ್ದಾನೆ. ಬಲ್ಗೇರಿಯಾದ ವಿದ್ವಾಂಸ ವ್ಲಾದಿಮಿರ್ ಗೆಯೋರ್ಗಿಯೇವ್ ಅದನ್ನು ಒಪ್ಪಲಿಲ್ಲ. ಉತ್ತರದಲ್ಲಿ ಊರಿನ ಹೆಸರು "ದವ" ಅಂತ ಮುಗಿಯುತ್ತವೆ, ದಕ್ಷಿಣದ ಥ್ರೇಸ್‌ನಲ್ಲಿ "ಪರ", "ಬ್ರಿಯ" ಅಂತ, ಹಾಗಾಗಿ ಎರಡೂ ಬೇರೆ ಅನ್ನೋದು ಅವರ ವಾದ. ಆದರೆ ದಕ್ಷಿಣದಲ್ಲೇ ಇರುವ ಪ್ಲೋವ್ದಿವ್ ಊರಿನ ಹಳೆಯ ಹೆಸರು ಪುಲ್ಪುದೆವ. ಅಂದರೆ ಫಿಲಿಪ್ಪನ ಊರು. ಆ "ದೆವ" ನಮ್ಮ ದೇವ ಅಲ್ಲ, ಅದೇ "ದವ"ದ ಇನ್ನೊಂದು ರೂಪ. ಗಡಿ ಅಷ್ಟು ನೇರವಾಗಿಲ್ಲ. ನನ್ನ ಮಟ್ಟಿಗೆ ಇವೆರಡೂ ಹತ್ತಿರದ ಭಾಷೆಗಳು, ಎಷ್ಟು ಹತ್ತಿರ ಅಂತ ಅಳೆಯೋಕೆ ಕೈಯಲ್ಲಿರುವ ಪದ ಸಾಲದು.

ಪ್ರಶ್ನೆ: ನೆಲ ಅಗೆದಾಗ ಒಂದೇ ಒಂದು ವಸ್ತು ಸಿಗೋದಾದರೆ ಏನು ಸಿಗಲಿ ಅಂತ ಬಯಸುತ್ತೀರಿ? — ಪುತ್ತೂರಿನ ವಿದ್ಯಾರ್ಥಿನಿ

ಓವಿಡ್‌ನ ಕವಿತೆ ಕಣಮ್ಮ.

ಅವನು ರೋಮಿನ ದೊಡ್ಡ ಕವಿ. ಕ್ರಿ.ಶ. 8ರಲ್ಲಿ ಅಗಸ್ಟಸ್ ಚಕ್ರವರ್ತಿ ಅವನನ್ನು ಕಪ್ಪು ಸಮುದ್ರದ ದಂಡೆಯ ತೋಮಿಸ್‌ಗೆ ಗಡಿಪಾರು ಮಾಡಿದ. ಈಗಿನ ಕೊನ್‌ಸ್ತಾಂತ್ಸ ಅದು. ಚಳಿ, ಭಯ, ಸುತ್ತ ಗೆಟೆ ಜನ. ಮೊದಮೊದಲು ಪತ್ರ ಪತ್ರದಲ್ಲೂ ಅಳುತ್ತಾನೆ, ಇಲ್ಲಿ ನನ್ನ ಮಾತು ಯಾರಿಗೂ ಅರ್ಥ ಆಗಲ್ಲ ಅಂತಾನೆ. ವರ್ಷ ಕಳೆದ ಹಾಗೆ ಅವರ ಭಾಷೆ ಕಲಿತ. ಕೊನೆಗೆ ಒಂದು ಪತ್ರದಲ್ಲಿ, ನಾಚಿಕೆ ಆಗುತ್ತದೆ, ಗೆಟೆ ಭಾಷೆಯಲ್ಲಿ ಒಂದು ಪುಟ್ಟ ಪುಸ್ತಕ ಬರೆದುಬಿಟ್ಟೆ ಅಂತ ಗೆಳೆಯನಿಗೆ ಹೇಳಿಕೊಳ್ಳುತ್ತಾನೆ. ಅವರ ಪದಗಳನ್ನು ನಮ್ಮ ಛಂದಸ್ಸಿಗೆ ಕೂರಿಸಿದೆ, ಓದಿ ಮುಗಿಸಿದಾಗ ಅವರೆಲ್ಲ ತಲೆಯಾಡಿಸಿ ಗುಂಯ್ ಅಂತ ಮೆಚ್ಚಿಕೊಂಡರು ಅಂತಾನೆ.

ಗೆಟೆ ಜನರ ಭಾಷೆ ಡೇಸಿಯನ್ನರದ್ದೇ ಅಂತ ಸ್ಟ್ರಾಬೊ ಹೇಳಿದ್ದು ನೆನಪಿದೆಯಲ್ಲ? ಆ ಕವಿತೆ ಸಿಕ್ಕರೆ ಕ್ರಿಯಾಪದ ಸಿಗುತ್ತದೆ, ವಿಭಕ್ತಿ ಸಿಗುತ್ತದೆ, "ನಾನು", "ನೀನು" ಸಿಗುತ್ತದೆ. ಊರು ಮತ್ತು ಗಿಡದ ಹೆಸರು ಕೊಡದೇ ಇರೋದೆಲ್ಲ ಅದರಲ್ಲಿತ್ತು. ನಾಚಿಕೊಂಡಿದ್ದಕ್ಕೋ ಏನೋ, ಅವನು ಅದರ ಒಂದು ಸಾಲನ್ನೂ ಆ ಪತ್ರದಲ್ಲಿ ಬರೆಯಲಿಲ್ಲ.